ದೇವರಾಣೆಯ ಅಣ್ಣ

ಅಪ್ಪನ ನಗು ಮೊದಲು ಬಂತು, ಅಪ್ಪ ಆಮೇಲೆ ಬಂದ. ಆ ನಗು ಮ್ಯೂಸಿಯಮ್ಮಿನ ಉದ್ದನೆಯ ನಡುಹಾದಿಯಲ್ಲಿ ಗೋಡೆಗೆ ಬಡಿದು, ಗಾಜಿಗೆ ಬಡಿದು, ಸತ್ತು ಬಿದ್ದ ವಿಮಾನಗಳ ಪ್ರೊಪೆಲ್ಲರುಗಳಿಗೆಲ್ಲ ಒಂದೊಂದು ಸುತ್ತು ಹೊಡೆಸಿ, ತಿಹೊಮಿರ್ ಕೂತಿದ್ದ ಹಿಂಗೋಣೆಯ ಬಾಗಿಲಿಗೆ ಬಂದು ನಿಂತಿತು. ಕೈಯಲ್ಲಿದ್ದ ಕುಂಚ ನೀಲಿ ಆಕಾಶದ ಮೇಲೆ ಬೇಡದ ಕಡೆ ಒಂದು ಗೆರೆ ಎಳೆಯಿತು. ನಲವತ್ತು ಹತ್ತಿರ ಬಂದ ಗಂಡಸು, ಬೆಲ್‌ಗ್ರೇಡಿನ ಮ್ಯೂಸಿಯಮ್ಮಿನಲ್ಲಿ ತಿಂಗಳ ಸಂಬಳದ ಚಿತ್ರಗಾರ, ತಲೆಯ ಕೂದಲು ಅರ್ಧ ಹೊರಟುಹೋಗಿ ಉಳಿದರ್ಧ ಹೊರಡುವ ತಯಾರಿಯಲ್ಲಿದೆ. ಆದರೂ ಆ ನಗು ಕಿವಿಗೆ ಬಿದ್ದೊಡನೆ ಅವನು ಅಂಗಿಯ ಗುಂಡಿ ಸರಿಯಾಗಿ ಹಾಕಿದೆಯೇ ಎಂದು ನೋಡಿಕೊಂಡ. ಬಾಗಿಲು ಕಾಯುವ ಹೆಂಗಸು, ಎಂಟು ವರ್ಷದಿಂದ ತಿಹೊಮಿರನಿಗೆ ಒಂದು ನಗು ಕೊಡದೆ ಉಳಿಸಿಕೊಂಡು ಬಂದವಳು, ಈಗ ಅಷ್ಟನ್ನೂ ಬಡ್ಡಿ ಸಮೇತ ಅಪ್ಪನಿಗೆ ಕೊಡುತ್ತಿದ್ದಳು. ಬಾಗಿಲಲ್ಲಿ ಅಪ್ಪ ಒಬ್ರೆನ್ ನಿಂತಾಗ ಕೋಣೆಗೆ ಬರುತ್ತಿದ್ದ ಬೆಳಕು ನಿಂತುಹೋಯಿತು. ಅರವತ್ತು ದಾಟಿ ಎಷ್ಟೋ ಆಗಿತ್ತು, ಆದರೂ ಮುದುಕನಾಗುವುದಕ್ಕೆ ಅವನಿಗೆ ಬಿಡುವೇ ಆಗಿರಲಿಲ್ಲ. ಒಂದು ಕೈಯಲ್ಲಿ ಗಂಟು, ಗಂಟಿನಲ್ಲಿ ಚೀಸು, ಗಂಟಿನಿಂದ ಕತ್ತು ಚಾಚಿದ ಪ್ಲಮ್ ಸಾರಾಯಿ ರಾಕಿಯಾದ ಬಾಟಲಿ; ಇನ್ನೊಂದು ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮದುವೆಗೆ ಹೊರಟ ಹುಡುಗ ಹಿಡಿದುಕೊಂಡ ಹಾಗೆ.

"ಏನ್ಲಾ ತಿಹೊ, ಇಷ್ಟೊಂದ್ ಆಕಾಸ ಬಳ್ದಿದ್ದೀಯ, ಒಂದ್ ಹನಿ ಮಳೆನಾದ್ರೂ ಬರಿಸ್ಬಾರ್ದಾ. ಊರಲ್ಲಿ ಜೋಳ ಒಣಗ್ತಾ ಅದೆ."

"ಬಸ್ಸು ಸರಿಯಾಗಿ ಸಿಕ್ತಾ ಅಪ್ಪ?"

"ನಂಗ್ ಬಸ್ ಸಿಗೋದೇನು, ಬಸ್ಸಿಗೆ ನಾನ್ ಸಿಕ್ದೆ. ಡ್ರೈವರ್‌ಗೆ ಹೇಳ್ದೆ, ಮ್ಯೂಸಿಯಮ್ನೋರು ನನ್ ಚಿತ್ರ ಬರೀತವ್ರೆ, ನನ್ ಮಗಾನೇ ಬರ್ಯೋನು ಅಂತ. ಟಿಕೀಟ್ನೇ ಕೇಳ್ಲಿಲ್ಲ ಮುಂಡೇದು."

ನನ್ನ ಚಿತ್ರ, ಎಂದ ಅಪ್ಪ. ತಿಹೊಮಿರ್ ತಿರುಗಿ ಚಿತ್ರದ ಬಟ್ಟೆಯನ್ನು ನೋಡಿದ. ಅದು ಅಪ್ಪನ ಚಿತ್ರವಲ್ಲ, ಪೈಲಟ್ ವೊಯಿನನ ಚಿತ್ರ. ಯುದ್ಧ ಶುರುವಾದ ಏಪ್ರಿಲ್ ಭಾನುವಾರ ಜರ್ಮನರು ಬೆಲ್‌ಗ್ರೇಡಿನ ಮೇಲೆ ಬಾಂಬು ಸುರಿದಾಗ ತಡೆಯಲು ಹಾರಿದವರಲ್ಲಿ ಒಬ್ಬ; ಒಬ್ರೆನನ ಊರಿನ ಮೇಲೆ ಅವನ ವಿಮಾನ ಉರಿದು, ಅವನು ಪ್ಯಾರಾಶೂಟಿನಲ್ಲಿ ಇಳಿದು, ಗುಂಡೇಟಿನಿಂದ ರೈತ ಒಬ್ರೆನನ ತೊಡೆಯ ಮೇಲೆ ಪ್ರಾಣ ಬಿಟ್ಟ ಎಂದು ಊರು ಹೇಳುತ್ತಿತ್ತು. ಊರು ಹೇಳಿದ್ದನ್ನು ಶಾಲೆಯ ಮಾಸ್ತರು ಹೇಳಿದರು, ಮಾಸ್ತರು ಹೇಳಿದ್ದನ್ನು ಪತ್ರಿಕೆಯವರು ಬರೆದರು. ಇಪ್ಪತ್ತು ವರ್ಷ ತುಂಬಿತು ಎಂದು ಮ್ಯೂಸಿಯಮ್ಮಿನ ಡೈರೆಕ್ಟರ್ ನೆಗೋವನ್ ಆ ಸಾವನ್ನು ಗೋಡೆ ತುಂಬುವಷ್ಟು ದೊಡ್ಡದಾಗಿ ಬರೆಯಲು ತಿಹೊಮಿರನಿಗೆ ಅಪ್ಪಣೆ ಮಾಡಿದ್ದ. ಮೇಲೆ ಸಣ್ಣದಾಗಿ ಹದಿನಾರು ವಿಮಾನ, ಕೆಳಗೆ ದೊಡ್ಡದಾಗಿ ಇಬ್ಬರು ಮನುಷ್ಯರು. ವಿಮಾನಗಳನ್ನು ನೋಡಲು ಒಬ್ಬ ನಿವೃತ್ತ ಮೇಜರ್ ವಾರಕ್ಕೊಮ್ಮೆ ಬಂದು, ಮೂಗು ಬಣ್ಣಕ್ಕೆ ತಾಗುವಷ್ಟು ಹತ್ತಿರ ನಿಂತು, ರೆಕ್ಕೆಯ ಮೊಳೆಗಳನ್ನು ಎಣಿಸಿ, ಎರಡು ಕಡಿಮೆ ಇದೆ ಎಂದು ಗೊಣಗಿ ಹೋಗುತ್ತಿದ್ದ. ಕೆಳಗಿನ ಇಬ್ಬರು ಮನುಷ್ಯರನ್ನು ಯಾರೂ ಎಣಿಸಲಿಲ್ಲ, ಯಾರೂ ತಪ್ಪು ಹಿಡಿಯಲಿಲ್ಲ. ತಿಹೊಮಿರ್ ಆಕಾಶವನ್ನು ಚೆನ್ನಾಗಿ ಬರೆಯುತ್ತಿದ್ದ, ಮುಖಗಳನ್ನು ಅಲ್ಲ. ಮುಖ ಬರೆಯುವಾಗ ಮುಖವೂ ತಿರುಗಿ ಇವನನ್ನು ನೋಡುತ್ತದೆ ಎಂಬ ಹೆದರಿಕೆ. ಅದಕ್ಕೇ ನೆಗೋವನ್ ಒಮ್ಮೆ ಎಲ್ಲರೆದುರು, "ನಮ್ಮ ತಿಹೊಮಿರ್‌ಗೆ ಮನುಷ್ಯರನ್ನ ಕಂಡ್ರಾಗಲ್ಲ, ಗೋಡೆಗೆ ಸುಣ್ಣ ಹೊಡೆಯೋಕೆ ಹುಟ್ಟಿದೋನು," ಎಂದಿದ್ದ. ಎಲ್ಲರೂ ನಕ್ಕಿದ್ದರು. ತಿಹೊಮಿರನೂ ನಕ್ಕಿದ್ದ, ಅವರೆಲ್ಲರಿಗಿಂತ ಒಂದು ಗಳಿಗೆ ಹೆಚ್ಚಾಗಿ.

ನೆಗೋವನನಿಗೆ ರೈತನ ಜಾಗದಲ್ಲಿ ಬೇರೆ ಯಾರದೋ ಮುಖ ಬೇಡ, ನಿಜವಾದ ಮುಖವೇ ಬೇಕು. ಹಾಗಾಗಿ ಅಪ್ಪ ಬಂದು ಕೂತ. ಬಿಳಿ ಅಂಗಿ ತೊಟ್ಟು ಪೆಟ್ಟಿಗೆಯ ಮೇಲೆ ಮಂಡಿ ಅಗಲಿಸಿ ಕೂತ ಅವನ ತೊಡೆಯ ಮೇಲೆ ತಿಹೊಮಿರ್ ಹುಲ್ಲು ತುಂಬಿದ ಬೊಂಬೆಯೊಂದನ್ನು ಅಡ್ಡ ಮಲಗಿಸಿದ. ಬೊಂಬೆಗೆ ತೊಡಿಸಿದ್ದು ಸಂಗ್ರಹದ ಕಪಾಟಿನಿಂದ ತಂದ ಚರ್ಮದ ಕೋಟು, ವೊಯಿನನದೇ. ಕೊರಳಪಟ್ಟಿಗೆ ಮ್ಯೂಸಿಯಮ್ಮಿನ ಚೀಟಿ ನೇತಾಡುತ್ತಿತ್ತು. ಕೋಟನ್ನು ಕಪಾಟಿನಿಂದ ತರುವಾಗ ತಿಹೊಮಿರ್ ಅದನ್ನು ತೋಳಿನ ಮೇಲೆ ಹಾಕಿಕೊಳ್ಳದೆ, ಕಚ್ಚುವ ನಾಯಿಯನ್ನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದು ತಂದಿದ್ದ. ಅಪ್ಪ ಅದನ್ನು ನೋಡಿ ಹುಬ್ಬು ಕೂಡ ಏರಿಸಲಿಲ್ಲ. ಬೊಂಬೆಯನ್ನು ಎತ್ತಿ ತೂಗಿ ನೋಡಿದ.

"ಈವಯ್ಯ ಏನ್ಲಾ ಇಷ್ಟ್ ಹಗುರ ಅವ್ನೆ. ಆವತ್ತು ಇದ್ದೋನು ಎತ್ತಿನಂಗಿದ್ದ."

"ಅಪ್ಪ."

"ಏನ್ಲಾ ಅಪ್ಪ. ಇಲ್ಯಾರವ್ರೆ? ಗೋಡೆಗೆ ಕಿವಿ ಬರ್ದಿದ್ದೀಯಾ?"

ಆವತ್ತು, ಆ ಏಪ್ರಿಲ್ ಭಾನುವಾರ, ಊರಿನ ಪ್ಲಮ್ ಮರಗಳೆಲ್ಲ ಹೂಬಿಟ್ಟಿದ್ದವು. ಬೆಳಗ್ಗೆ ಎದ್ದಾಗಿನಿಂದ ಉತ್ತರದ ಆಕಾಶದಲ್ಲಿ ಗುಡುಗು, ಹೊಗೆ, ಬೆಲ್‌ಗ್ರೇಡು ಹುರಿಗಡಲೆ ಹುರಿದ ಹಾಗೆ ಸಿಡಿಯುತ್ತಿತ್ತು. ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಊರಿನ ಮೇಲೆ ಬಂದವು. ಯಾವುದು ನಮ್ಮದು ಯಾವುದು ಅವರದು ಎಂದು ದೇವರಿಗೂ ತಿಳಿಯುವ ಹಾಗಿರಲಿಲ್ಲ, ಏಕೆಂದರೆ ನಮ್ಮ ರಾಜ ವಿಮಾನ ಕೊಂಡದ್ದು ಜರ್ಮನರಿಂದಲೇ. ಅವರು ಮಾರಿದ ವಿಮಾನದಲ್ಲಿ ನಮ್ಮವರು, ಅದೇ ಕಾರ್ಖಾನೆಯ ವಿಮಾನದಲ್ಲಿ ಅವರು. ನಮ್ಮ ಫಿರಂಗಿಯವರೇ ನಮ್ಮ ವಿಮಾನಕ್ಕೆ ಗುಂಡು ಹಾರಿಸಿದರು. ಹೂವಿನ ಮಧ್ಯೆ ದೊಡ್ಡ ಬಿಳಿ ಬಟ್ಟೆ ಇಳಿದು ಕೊಂಬೆಗೆ ಸಿಕ್ಕಿಕೊಂಡಿತು. ಊರಿನ ಗಂಡಸರು ಗುದ್ದಲಿ, ಕವೆಗೋಲು ಹಿಡಿದು ಓಡಿದರು, ಜರ್ಮನ್ ಸಿಕ್ಕ, ಜರ್ಮನ್ ಸಿಕ್ಕ ಎಂದು. ತಿಹೊಮಿರನಿಗೆ ಆಗ ಹತ್ತೊಂಬತ್ತು, ಅವನೂ ಓಡಿದ. ಇಂದಿಗೂ ಅವನಿಗೆ ನಾಚಿಕೆಯಾಗುವುದು ಓಡಿದ್ದಕ್ಕಲ್ಲ. ಓಡುವಾಗ ಆದ ಖುಷಿಗೆ. ಹೂವಿನ ಪರಿಮಳ, ಒದ್ದೆ ಹುಲ್ಲು, ಊರೆಲ್ಲ ಒಟ್ಟಾಗಿ ಓಡುತ್ತಿದೆ, ತಾನೂ ಗಂಡಸರ ಜೊತೆ ಗಂಡಸಾಗಿ ಓಡುತ್ತಿದ್ದೇನೆ ಎಂಬ ಖುಷಿ. ಮರದಿಂದ ಇಳಿದವನು ಹೆಗಲ ಪಟ್ಟಿ ಬಿಚ್ಚಿಕೊಳ್ಳುತ್ತಿದ್ದ. ಅಪ್ಪನ ಮೊದಲ ಏಟು ಹೆಗಲಿಗೆ ಬಿತ್ತು.

"ತಲೆ ಎತ್ತಪ್ಪ, ಗಲ್ಲ ಕಾಣ್ತಿಲ್ಲ," ಎಂದ ತಿಹೊಮಿರ್.

"ಅಳೋ ಮುಖ ಬೇಕಾ, ಇಲ್ಲಾ ಕೋಪದ್ದಾ?"

"ಸುಮ್ನಿರೋ ಮುಖ ಸಾಕು."

"ಅದೊಂದ್ ನಂತಾವಿಲ್ಲ," ಎಂದು ಅಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿ, ಬೊಂಬೆಯ ಮುಖವಿಲ್ಲದ ತಲೆಯನ್ನು ನೋಡುತ್ತ, ಎಂತಹ ನಾಟಕದವನೂ ತಲೆಬಾಗಬೇಕು, ಅಂತಹ ದುಃಖವನ್ನು ಮುಖಕ್ಕೆ ತಂದುಕೊಂಡ. ಕಣ್ಣಂಚಿನಲ್ಲಿ ನೀರು ನಿಂತಿತು. ಅದು ಸುಳ್ಳು ನೀರಲ್ಲ ಎಂಬುದೇ ತಿಹೊಮಿರನಿಗೆ ತಡೆಯಲಾರದ ಸಂಗತಿ. ಶಾಲೆಯ ಮಕ್ಕಳಿಗೆ ಹೇಳಿ ಹೇಳಿ, ಪ್ರತಿ ಏಪ್ರಿಲ್ಲಿನಲ್ಲೂ ಸಮಾಧಿಯ ಹತ್ತಿರ ನಿಂತು ಹೇಳಿ ಹೇಳಿ, ಅಪ್ಪನ ತೊಡೆಯ ಮೇಲೆ ನಿಜವಾಗಿಯೂ ಆ ಹುಡುಗ ಸತ್ತಿದ್ದ. ಉಳಿದದ್ದನ್ನೆಲ್ಲ ಅಪ್ಪ ಮಗನ ಹತ್ತಿರ ಬಿಟ್ಟಿದ್ದ, ಹೊಲದ ಕೆಲಸ ಮುಗಿದ ಮೇಲೆ ಗುದ್ದಲಿಯನ್ನು ಮಗನ ಕೈಗೆ ಕೊಟ್ಟು ಮುಂದೆ ನಡೆಯುವ ಹಾಗೆ.

ಮೊದಲ ಏಟು ಬಿದ್ದಾಗ ಆ ಪೈಲಟ್ ಮಂಡಿಯೂರಿ ಮಾತಾಡಿದ್ದ. ನಮ್ಮ ಮಾತು, ನಮ್ಮ ಮನೆಯ ಅಡುಗೆಕೋಣೆಯಲ್ಲಿ ಆಡುವಂಥ ಮಾತು. ಅಣ್ಣಾ, ಹೊಡೀಬೇಡಿ, ನಾನು ನಿಮ್ಮೋನೇ, ಎಂದ. ತನ್ನ ಹೆಸರು ಹೇಳಿದ, ಬೀದಿಯ ಹೆಸರು ಹೇಳಿದ, ಅಕ್ಕನ ಹೆಸರು ಹೇಳಿದ. ಎಲ್ಲರಿಗೂ ಕೇಳಿಸಿತು. ಗುದ್ದಲಿಗಳು ಕೆಳಗಿಳಿದವು. ಜೇನುಹುಳ ಹೂವಿನ ಮೇಲೆ ಕೂತದ್ದು ಕೂಡ ಕೇಳಿಸಿತು. ಅವನ ಹೆಗಲು ಸೀಳಿ ಮೂಳೆ ಹೊರಗೆ ಬಂದಿತ್ತು. ಯಾರೋ ಒಬ್ಬರು ಮೆಲ್ಲಗೆ, ಇವನು ಬದುಕಿದ್ರೆ ಹೇಳ್ತಾನೆ, ಸೈನ್ಯದೋರು ಬಂದು ನಮ್ಮನ್ನೆಲ್ಲ ಸಾಲಾಗಿ ನೇತುಹಾಕ್ತಾರೆ, ಎಂದರು. ಪೈಲಟ್, ಇಲ್ಲ ಅಣ್ಣ, ಹೇಳಲ್ಲ, ಎಂದ. ಅಪ್ಪ ಅವನ ಹಿಂದೆ ಹೋಗಿ ನಿಂತ. ತಿಹೊಮಿರನ ಕಡೆ ನೋಡಿ, ಕಟ್ಟಿದ ಕರುವಿಗೆ ಬರೆ ಹಾಕುವಾಗ ಹೇಳುವ ದನಿಯಲ್ಲೇ, ಹಿಡ್ಕೊಳ್ಲಾ, ಎಂದ. ತಿಹೊಮಿರ್ ತಾನೂ ಮಂಡಿಯೂರಿ ಹಿಡಿದುಕೊಂಡ. ಎದುರಿನಿಂದ, ಎರಡೂ ತೋಳುಗಳನ್ನು, ಅಪ್ಪಿಕೊಂಡ ಹಾಗೆ. ಪೈಲಟನ ಗಲ್ಲ ಇವನ ಹೆಗಲ ಮೇಲಿತ್ತು. ಅವನ ಬಾಯಿಂದ ಕಾಫಿಯ ವಾಸನೆ ಬರುತ್ತಿತ್ತು.

ಸಂಜೆಗೆ ಪಾದ್ರಿಯನ್ನು ಕರೆಸಿ, ಗಂಟೆ ಹೊಡೆಸಿ, ಇಡೀ ಊರು ಅತ್ತು ಅವನನ್ನು ಹೂತಿತು. ಅಳು ನಿಜವಾಗಿತ್ತು. ಅಷ್ಟು ಜನ ಒಟ್ಟಾಗಿ ಅಷ್ಟು ಜೋರಾಗಿ ಅತ್ತದ್ದನ್ನು ಕೇಳಿ ಪಕ್ಕದೂರಿನ ನಾಯಿಗಳು ಮೂರು ದಿನ ಊಟ ಬಿಟ್ಟವಂತೆ.

ಬಾಗಿಲಲ್ಲಿ ಗಂಟಲು ಸರಿಪಡಿಸಿಕೊಂಡ ಸದ್ದು. ನೆಗೋವನ್ ನಿಂತಿದ್ದ, ಹೊಟ್ಟೆಯನ್ನು ಕೋಟಿನೊಳಗೆ ತುರುಕಿಟ್ಟುಕೊಂಡು. ಅವನ ಹಿಂದೆ ಕಪ್ಪು ಬಟ್ಟೆ, ಕಪ್ಪು ರುಮಾಲಿನ ಹೆಂಗಸು. ಐವತ್ತರ ಸುಮಾರು, ತೆಳ್ಳಗೆ, ಇಪ್ಪತ್ತು ವರ್ಷದಿಂದ ಒಂದೇ ಕಪ್ಪನ್ನು ಒಗೆದು ಒಗೆದು ಹಾಕಿಕೊಂಡ ಹಾಗಿದ್ದಳು. ಪೈಲಟನ ಅಕ್ಕ ಲೆಪೊಸಾವ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ತಿಹೊಮಿರ್ ಅವಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಪ್ರತಿ ಏಪ್ರಿಲ್ ಅವಳು ಮ್ಯೂಸಿಯಮ್ಮಿಗೆ ಬರುವಾಗ ಅವನು ಹೊಟ್ಟೆನೋವೆಂದು ರಜೆ ಹಾಕುತ್ತಿದ್ದ.

"ಕಾಮ್ರೇಡ್ ಒಬ್ರೆನ್, ಯಾರು ಬಂದಿದಾರೆ ನೋಡಿ," ಎಂದ ನೆಗೋವನ್.

ಅಪ್ಪ ಏಳಲು ಹೋದ. ತೊಡೆಯ ಮೇಲೆ ಬೊಂಬೆ ಇತ್ತು. ಅದನ್ನು ಕೆಳಗೆ ಹಾಕಲಾರದೆ, ಎತ್ತಿಕೊಂಡೇ ಎದ್ದುನಿಂತ. ಲೆಪೊಸಾವ ಮೊದಲು ಕೋಟನ್ನು ನೋಡಿದಳು, ಆಮೇಲೆ ಕೋಟನ್ನು ಹಿಡಿದ ಕೈಗಳನ್ನು, ಆಮೇಲೆ ಅಪ್ಪನನ್ನು.

"ಕೂತ್ಕೊಳ್ಳಿ ಅಣ್ಣ," ಎಂದಳು. "ಅವನನ್ನ ನೆಲಕ್ಕೆ ಹಾಕ್ಬೇಡಿ."

ಆ 'ಅಣ್ಣ' ಎಂಬ ಮಾತನ್ನು ತಿಹೊಮಿರ್ ಪ್ಲಮ್ ಮರದ ಕೆಳಗೆ ಇದೇ ಅಪ್ಪನಿಗೆ ಒಮ್ಮೆ ಹೇಳಿದ್ದು ಕೇಳಿದ್ದ. ಅಪ್ಪ ಕೂತ. ಬೊಂಬೆಯ ಕೋಟಿನ ಗುಂಡಿಯನ್ನು, ಮಗುವಿನದು ಸರಿಪಡಿಸಿದ ಹಾಗೆ ಸರಿಪಡಿಸಿದ.

"ಇನ್ನೊಂದ್ಸಲ ಹೇಳಿ," ಎಂದಳು ಅವಳು, ತಿಹೊಮಿರನ ಬಣ್ಣದ ಸ್ಟೂಲನ್ನು ಎಳೆದು ಕೂತು. "ಕೊನೇಲಿ ಏನಂದ?"

"ತಾಯಿ, ಏನ್ ಹೇಳ್ಲಿ. ನನ್ ಮುಖ ನೋಡ್ದ. ಅಕ್ಕಂಗೇಳಿ, ನಂಗೆ ನೋವಾಗ್ಲಿಲ್ಲ ಅಂತೇಳಿ, ಅಂದ."

"ಹೋದ್ವರ್ಷ ನಾಡು ಉಳಿಸಿ ಅಂದ ಅಂದಿದ್ರಿ."

"ಅದನ್ನೂ ಅಂದ. ಮೊದ್ಲು ನಾಡಿನ್ ಮಾತು, ಆಮೇಲೆ ನಿನ್ ಮಾತು. ಒಳ್ಳೆ ಹೊತ್ತಿನಲ್ಲಿ ಸಾಯೋರಿಗೆ ಜಾಸ್ತಿ ಮಾತು ಬತ್ತದೆ ತಾಯಿ."

"ಹೌದು, ಅವನು ವಾಚಾಳಿ," ಎಂದಳು. "ಚಿಕ್ಕೋನಿದ್ದಾಗ್ಲೂ ಅಷ್ಟೆ. ಏಟು ಬೀಳುತ್ತೆ ಅಂತ ಗೊತ್ತಾದ್ರೆ ಮಾತು ನಿಲ್ಲಿಸ್ತಾನೇ ಇರ್ಲಿಲ್ಲ."

ತಿಹೊಮಿರ್ ಬಣ್ಣದ ತಟ್ಟೆಯಲ್ಲಿ ಕಂದುಬಣ್ಣವನ್ನು ಕಲಸುತ್ತಿದ್ದ, ಕಲಸುತ್ತಲೇ ಇದ್ದ. ಈಗ ಹೇಳಬೇಕು ಎಂದುಕೊಂಡ. ಇಪ್ಪತ್ತು ವರ್ಷದಿಂದ ಬೆಳಗ್ಗೆ ಗಡ್ಡ ಹೆರೆಯುವಾಗ ದಿನಾ ಹೇಳಿಕೊಂಡ ಮಾತು, ಕನ್ನಡಿಗೆ ಬಾಯಿಪಾಠವಾಗಿತ್ತು. ಎದುರಿಗೆ ಕೂತಿದ್ದಾಳೆ, ಕೈ ಚಾಚಿದರೆ ಸಿಗುತ್ತಾಳೆ. ಬಾಯಿ ತೆರೆದರೆ ಅಪ್ಪನ ತೊಡೆಯ ಮೇಲಿರುವ ಹುಲ್ಲು ಹುಲ್ಲಾಗುತ್ತದೆ, ಈ ಗೋಡೆಯಷ್ಟು ದೊಡ್ಡ ಸುಳ್ಳು ಮಡಚಿ ಮೂಲೆಗೆ ಬೀಳುತ್ತದೆ, ಕೆಲಸ ಹೋಗುತ್ತದೆ. ಕೆಲಸ ಹೋಗುವ ಯೋಚನೆ ಎಲ್ಲಕ್ಕಿಂತ ಮೊದಲು ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು, ಅಸಹ್ಯಪಟ್ಟುಕೊಳ್ಳುತ್ತಿರುವುದಕ್ಕೆ ಒಂದು ಸಣ್ಣ ಹೆಮ್ಮೆಯೂ ಆಯಿತು, ಆ ಹೆಮ್ಮೆಯನ್ನು ನೋಡಿ ಇನ್ನಷ್ಟು ಅಸಹ್ಯವಾಯಿತು. ಹೀಗೆ ಒಳಗೊಳಗೇ ಸುತ್ತುತ್ತಿರುವಾಗ ಹೊರಗೆ ಲೆಪೊಸಾವ ಎದ್ದು ನಿಂತಿದ್ದಳು.

"ನನಗೆ ಒಬ್ಬನೇ ತಮ್ಮ," ಎಂದಳು. "ಗಂಡ ಇಲ್ಲ, ಮಕ್ಕಳಿಲ್ಲ. ನನ್ನ ಕಡೆಯೋರು ಅಂತ ಮಣ್ಣು ಹಾಕೋಕೆ ಯಾರೂ ಇಲ್ಲ. ಒಬ್ರೆನ್ ಅಣ್ಣ, ಇವರಿಬ್ಬರ ಎದುರು ಕೇಳ್ತಿದೀನಿ. ದೇವರಾಣೆಗೂ ನನಗೆ ಅಣ್ಣನಾಗಿರ್ತೀರಾ?"

ಈ ನಾಡಿನಲ್ಲಿ ಹೆಂಗಸೊಬ್ಬಳು ಹಾಗೆ ಕೇಳಿದ ಮೇಲೆ ಇಲ್ಲ ಎಂದವನು ಹುಟ್ಟಿಲ್ಲ. ಹುಟ್ಟಿದ್ದರೆ ಊರಲ್ಲಿ ಉಳಿದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಅಣ್ಣನಾದರೆ ಜಗಳವಾಡಿ ಬೇರೆಯಾಗಬಹುದು, ದೇವರಾಣೆಯ ಅಣ್ಣ ಬೇರೆಯಾಗುವಂತಿಲ್ಲ. ಅವನ ಒಲೆ ಅವಳ ಒಲೆ, ಅವನ ಬಾಗಿಲು ಅವಳ ಬಾಗಿಲು, ಅವಳು ಸತ್ತರೆ ಅವನು ಗಡ್ಡ ಬಿಡಬೇಕು. ಮುದುಕ ಕಾಮ್ರೇಡುಗಳು ಕೂಡ ದೇವರನ್ನು ಬಿಟ್ಟರು, ಇದನ್ನು ಬಿಟ್ಟಿರಲಿಲ್ಲ.

ನೆಗೋವನ್ ಬಾಗಿಲ ಕಡೆ ನೋಡಿದ. "ದೇವರ ವಿಷಯ... ಇದು ಸರ್ಕಾರಿ ಜಾಗ. ಆಫೀಸ್ ಮುಗಿದ್ಮೇಲೆ ಹೊರಗಡೆ ಮಾಡ್ಕೊಂಡ್ರೆ..."

"ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ ಕಾಮ್ರೇಡ್," ಎಂದಳು. "ನೋಡದೆ ಇದ್ದರೆ ಆಯ್ತಲ್ಲ, ನಿಮಗೆ ಅಭ್ಯಾಸ ಇರುತ್ತೆ."

ನೆಗೋವನ್ ನಿಜವಾಗಿಯೂ ತಿರುಗಿ ನಿಂತ. ಅಪ್ಪನ ಮುಖದಲ್ಲಿ ಒಂದು ಕ್ಷಣ, ರೆಪ್ಪೆ ಬಡಿಯುವಷ್ಟು ಹೊತ್ತು, ಏನೋ ಹಾದುಹೋಯಿತು. ತಿಹೊಮಿರ್ ಅದನ್ನು ನೋಡಿದ, ಆಸೆಯಿಂದ ನೋಡಿದ. ಆದರೆ ಆ ಮುಖ ತಕ್ಷಣ ಅಗಲವಾಯಿತು, ಅದರೊಳಗಿಂದ ಬೆಳಕು ಬಂತು, ಕಣ್ಣೀರು ಧಾರೆಯಾಗಿ ಮೀಸೆಗೆ ಇಳಿಯಿತು.

"ಆಯ್ತೀನಿ ತಂಗಿ. ದೇವರಾಣೆಗೂ ಆಯ್ತೀನಿ. ಇಂಥಾ ದಿನ ನೋಡೋಕೇ ನಾನ್ ಬದ್ಕಿರೋದು."

ಅವಳು ಬಗ್ಗಿ ಅವನ ಬಲಗೆನ್ನೆ, ಎಡಗೆನ್ನೆ, ಮತ್ತೆ ಬಲಗೆನ್ನೆಗೆ ಮುತ್ತಿಟ್ಟಳು. ಆಮೇಲೆ ಅವನ ಬಲಗೈ ಎತ್ತಿ ಅದಕ್ಕೂ ಮುತ್ತಿಟ್ಟಳು, ಆ ಕೈಯನ್ನು ತಿರುಗಿಸಿ ಅಂಗೈಯನ್ನು ಒಂದು ಗಳಿಗೆ ನೋಡಿದಳು. "ನಾನಿರೋ ಮನೇಲಿ ಮೂರು ಸಂಸಾರಕ್ಕೆ ಒಂದೇ ಅಡುಗೆಕೋಣೆ. ಚಿತ್ರ ಗೋಡೆಗೆ ಹಾಕಿದ್ಮೇಲೆ ನಿಮ್ಮ ಮನೆಗೆ ಬಂದ್ಬಿಡ್ತೀನಿ ಅಣ್ಣ. ಅತ್ತಿಗೆ ಹೋದ್ಮೇಲೆ ನಿಮಗೂ ಬಿಸಿ ಸಾರು ಮಾಡೋರಿಲ್ಲ."

"ನಾಳೆನೇ ಬಾ," ಎಂದ ಅಪ್ಪ.

ಸಂಭ್ರಮಕ್ಕೆ ಏನಾದರೂ ಆಗಬೇಕಲ್ಲ ಎಂದು ನೆಗೋವನ್ ಅಪ್ಪನನ್ನು ಕ್ಯಾಂಟೀನಿಗೆ ಹುರುಳಿಕಾಯಿ ಬೀಜದ ಸಾರು ಕುಡಿಸಲು ಕರೆದುಕೊಂಡು ಹೋದ. ನನಗೆ ಹಸಿವಿಲ್ಲ, ಚಿತ್ರ ನೋಡುತ್ತಿರುತ್ತೇನೆ ಎಂದು ಲೆಪೊಸಾವ ಉಳಿದಳು. ಅಪ್ಪನ ನಗು ನಡುಹಾದಿಯಲ್ಲಿ ದೂರವಾಯಿತು. ಪೆಟ್ಟಿಗೆಯ ಮೇಲೆ ಬೊಂಬೆ ಒರಗಿ ಕೂತಿತ್ತು, ಕೋಟಿನ ಒಂದು ತೋಳು ನೆಲಕ್ಕೆ ತಾಗಿತ್ತು. ಅವಳು ತೋಳನ್ನು ಎತ್ತಿ ಬೊಂಬೆಯ ಮಡಿಲಿಗಿಟ್ಟಳು.

"ಆಕಾಶ ಚೆನ್ನಾಗಿ ಬರೀತೀಯ," ಎಂದಳು. ಆಗಲೇ ಏಕವಚನ.

"ನಿಮಗೊಂದು ಮಾತು ಹೇಳ್ಬೇಕು," ಎಂದ ತಿಹೊಮಿರ್. ದನಿ ಇಲಿಯ ದನಿಯಾಗಿ ಬಂತು. "ತುಂಬಾ ದಿನದಿಂದ..."

"ನಾನವನನ್ನ ತೊಳೆದಿದೀನಿ," ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಚಿತ್ರವನ್ನು ನೋಡುತ್ತಲೇ, ಸಂತೆಯಲ್ಲಿ ಏನು ಕೊಂಡೆ ಎಂದು ಹೇಳುವ ಹಾಗೆ ಹೇಳಿದಳು. ಯುದ್ಧ ಮುಗಿದ ಮೇಲೆ ತಮ್ಮನನ್ನು ಊರಿನ ಮಣ್ಣಿನಿಂದ ತೆಗೆಸಿ ಬೆಲ್‌ಗ್ರೇಡಿಗೆ ತರಲು ಬಂದದ್ದು. ಒಬ್ರೆನನೇ ಮುಂದೆ ನಿಂತು ಗುಂಡಿ ತೋಡಿಸಿ, ಪೆಟ್ಟಿಗೆ ಎತ್ತಿಸಿದ್ದು. ಆಮೇಲೆ ಗಂಡಸರೆಲ್ಲ ಪದ್ಧತಿಯಂತೆ ಬೇಲಿಯಾಚೆ ಹೋಗಿ ರಾಕಿಯಾ ಕುಡಿಯುತ್ತ ಕೂತದ್ದು. ಮಣ್ಣಿನಿಂದ ತೆಗೆದ ಮೂಳೆಯನ್ನು ವೈನಿನಲ್ಲಿ ತೊಳೆಯುವುದು ಹೆಂಗಸರ ಕೆಲಸ, ಗಂಡಸರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಎಷ್ಟು ಕಾಲದಿಂದ ನೋಡಿಲ್ಲವೆಂದರೆ, ಹೆಂಗಸರು ಅಲ್ಲಿ ಏನು ನೋಡುತ್ತಾರೆ ಎಂಬುದೇ ಅವರ ತಲೆಯಲ್ಲಿಲ್ಲ. ಇಡೀ ಊರಿನ ಗಂಡಸರು ಎಲ್ಲವನ್ನೂ ಮುಚ್ಚಿದ್ದರು, ಇದೊಂದು ಅವರಿಗೆ ಹೊಳೆದಿರಲಿಲ್ಲ.

"ತಲೆನ ನನ್ನ ಮಡಿಲಲ್ಲಿ ಇಟ್ಕೊಂಡಿದ್ದೆ. ನಿಮ್ಮಮ್ಮ ವೈನು ಸುರೀತಿದ್ಲು. ಹಿಂದಕ್ಕೆ ತಿರುಗಿಸ್ದೆ. ಹಿಂದೆ ಒಂದು ತೂತು, ಅಗಲ, ನೆಟ್ಟಗೆ. ಗುಂಡು ಅಷ್ಟಗಲ ಹೋಗಲ್ಲ. ನಾನು ಹಳ್ಳೀಲೇ ಹುಟ್ಟಿದೋಳು, ಗುದ್ದಲಿ ಬಾಯಿ ಎಷ್ಟಗಲ ಅಂತ ಗೊತ್ತು. ನಿಮ್ಮಮ್ಮನ ಕೈ ನಿಂತ್ಹೋಯ್ತು. ನನ್ನ ಮುಖ ನೋಡಿದ್ಲು. ಆಮೇಲೆ ಬೇಲಿ ಆಚೆ ಕೂತಿದ್ದ ನಿಮ್ಮಪ್ಪನ ನೋಡಿದ್ಲು. ಆಮೇಲೆ ಮತ್ತೆ ವೈನು ಸುರಿದ್ಲು."

ಅಮ್ಮ ಆ ಸಂಜೆಯಿಂದ ಮಾತು ಕಡಿಮೆ ಮಾಡಿದ್ದಳು. ಹಲ್ಲುನೋವು ಎನ್ನುತ್ತಿದ್ದಳು. ಸಾಯುವವರೆಗೂ ಹಲ್ಲುನೋವು. ತಿಹೊಮಿರ್ ಆಗ ಚಿತ್ರಶಾಲೆಯಲ್ಲಿದ್ದ, ರಜೆಗೆ ಬಂದಾಗ ಅವಳಿಗೆ ಲವಂಗದೆಣ್ಣೆ ತಂದುಕೊಟ್ಟಿದ್ದ.

"ಯಾಕೆ ಯಾರಿಗೂ ಹೇಳ್ಲಿಲ್ಲ?" ಎಂದ.

"ಯಾರಿಗೆ? ಊರಿಗೂರೇ ಅವನನ್ನ ಅತ್ತು ಹೂತಿದೆ. ಪತ್ರಿಕೇಲಿ ಬಂದಿದೆ. ನಾನೊಬ್ಬಳು ಹುಚ್ಚಿ ಆಗ್ತಿದ್ದೆ. ನನಗೆ ಬೇಕಾಗಿದ್ದು ಕೋರ್ಟ್ ಅಲ್ಲ, ಆ ಮನೆಯೊಳಗೆ ಹೋಗೋ ದಾರಿ. ನಿನ್ನ ಚಿತ್ರ ಅದನ್ನ ಕೊಡ್ತು. ಚಿತ್ರ ಆದ್ಮೇಲೆ ಅವನು ನನಗೆ ಇಲ್ಲ ಅನ್ನೋಕೆ ಆಗಲ್ಲ ನೋಡು." ಮೊದಲ ಸಲ ಅವನ ಕಡೆ ಪೂರ್ತಿ ತಿರುಗಿದಳು. "ಹೊಡೆದೋನು ನಿಮ್ಮಪ್ಪ ತಾನೆ?"

ತಿಹೊಮಿರ್ ತಲೆಯಾಡಿಸಿದ. ಎಷ್ಟು ಸುಲಭವಾಗಿತ್ತು. ಇಪ್ಪತ್ತು ವರ್ಷ ಹೊತ್ತ ಚೀಲ ಒಂದು ತಲೆಯಾಡಿಕೆಗೆ ಇಳಿಯಿತು, ಮೈ ಹಗುರವಾಗಿ ಕಣ್ಣಲ್ಲಿ ನೀರು ಬಂತು, ತಾನು ಒಳ್ಳೆಯವನು ಎಂದು ಕೂಡ ಅನ್ನಿಸಿಬಿಟ್ಟಿತು.

"ಎದುರಿಗೆ ಯಾರು ಹಿಡ್ಕೊಂಡಿದ್ರು?" ಎಂದಳು ಲೆಪೊಸಾವ. "ಹಿಂದಿಂದ ಅಷ್ಟು ನೆಟ್ಟಗೆ ಬೀಳ್ಬೇಕಾದ್ರೆ ಯಾರೋ ಅಲುಗದ ಹಾಗೆ ಹಿಡ್ಕೊಂಡಿರ್ಬೇಕು."

ಕಿಟಕಿಯಾಚೆ ಟ್ರಾಮ್ ತಿರುಗುವಾಗ ಕಿರುಗುಟ್ಟಿತು. ತಿಹೊಮಿರನ ಹೆಗಲ ಮೇಲೆ ಒಂದು ಗಲ್ಲ ಇತ್ತು, ಬಿಸಿಯಾಗಿ, ಒಂದು ದಿನದ ಗಡ್ಡ ಚುಚ್ಚುತ್ತಿತ್ತು. ಕುಂಚವನ್ನು ಕೆಳಗಿಟ್ಟ. ಎತ್ತಿಕೊಂಡ.

"ಗೊತ್ತಿಲ್ಲ," ಎಂದ. "ನಾನು ಆವತ್ತು ಹೊಲದ ಕಡೆ ಇದ್ದೆ."

ಅವಳು ಅವನನ್ನು ನೋಡಿದಳು. ನಂಬಿದಳೋ ಬಿಟ್ಟಳೋ ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಮುಖ ಬರೆಯಲು ಬಾರದ ಚಿತ್ರಗಾರನಿಗೆ ಓದಲೂ ಬರಲಿಲ್ಲ.

"ಇರ್ಲಿ," ಎಂದು ರುಮಾಲು ಬಿಗಿ ಮಾಡಿಕೊಂಡಳು. "ನಿಮ್ಮಪ್ಪನಿಗೆ ಮಾತು ಅಂದ್ರೆ ಪ್ರಾಣ. ಚಳಿಗಾಲ ಉದ್ದ ಇರುತ್ತೆ, ಒಲೆ ಮುಂದೆ ನಾವಿಬ್ರೇ. ದಿನಾ ಕೇಳ್ತೀನಿ, ಅಣ್ಣ, ಇನ್ನೊಂದ್ಸಲ ಹೇಳಿ ಅಂತ. ಸುಳ್ಳು ಎಷ್ಟು ದಿನ ಸಾಲುತ್ತೆ. ಅದು ಖರ್ಚಾದ್ಮೇಲೆ ನಿಜಾನೇ ಹೇಳ್ಬೇಕಾಗುತ್ತೆ. ಯಾರು ಹಿಡ್ಕೊಂಡಿದ್ದು ಅನ್ನೋದನ್ನೂ ಅವನೇ ಹೇಳ್ತಾನೆ." ಬಾಗಿಲಿಗೆ ಹೋದವಳು ನಿಂತಳು. "ನನಗೆ ಗೊತ್ತು ಅಂತ ಅವನಿಗೆ ಹೇಳ್ಬೇಡ. ನಾನು ನಿನಗೆ ಅತ್ತೆ ಆದೆ ಈಗ. ಅತ್ತೆ ಮಾತು ನಡೆಸ್ಕೊಡು ಅಳಿಯ."

"ಆಯ್ತು," ಎಂದ ತಿಹೊಮಿರ್.

"ಆಯ್ತು ಅತ್ತೆ ಅನ್ನು."

"ಆಯ್ತು ಅತ್ತೆ."

ಅವಳ ಹೆಜ್ಜೆ ಸದ್ದು ಮಾಯವಾಗಿ ಎಷ್ಟೋ ಹೊತ್ತಾದ ಮೇಲೆ ಅಪ್ಪ ಬಂದ, ಮೀಸೆಗೆ ಸಾರು ಮೆತ್ತಿಕೊಂಡು, ಕೆನ್ನೆ ಕೆಂಪಗಾಗಿ. ಕ್ಯಾಂಟೀನಿನವಳು ಎರಡನೇ ತಟ್ಟೆ ಸುಮ್ಮನೆ ಕೊಟ್ಟಳಂತೆ. ನಿಮ್ಮ ಡೈರೆಕ್ಟರ್ ಒಳ್ಳೆಯ ಮನುಷ್ಯ, ಆದರೆ ಕುಡಿಯಲು ಬರುವುದಿಲ್ಲವಂತೆ. ಮೂಲೆಕೋಣೆಗೆ ಒಂದು ಒಲೆ ಹಾಕಿಸಬೇಕು, ಅವಳ ಮಂಚಕ್ಕೆ ಕಿಟಕಿ ಪಕ್ಕ ಜಾಗ ಮಾಡಬೇಕು, ಅಲ್ಲಿಂದ ಪ್ಲಮ್ ತೋಟ ಕಾಣುತ್ತದೆ. ಹೇಳುತ್ತ ಹೇಳುತ್ತ ಪೆಟ್ಟಿಗೆಯ ಮೇಲೆ ಕೂತು ಬೊಂಬೆಯನ್ನು ತೊಡೆಗೆ ಎಳೆದುಕೊಂಡ. ಆಮೇಲೆ ಬಾಗಿಲ ಕಡೆ ನೋಡಿ, ದನಿ ಇಳಿಸಿದ. ಅಪ್ಪನಿಗೆ ಇಳಿಸಲು ಒಂದು ದನಿ ಇದೆ ಎಂಬುದೇ ತಿಹೊಮಿರನಿಗೆ ಮರೆತುಹೋಗಿತ್ತು.

"ಮಗಾ. ಆಯಮ್ಮಂಗೆ ಏನಾದ್ರೂ ಗೊತ್ತಾ?"

ಈಗ ಒಂದು ಮಾತು ಹೇಳಿದರೆ ಸಾಕು. ಅಪ್ಪ ಇಂದೇ ಕಾಯಿಲೆ ಬಿದ್ದಂತೆ ಮಾಡಿ, ಮನೆ ಸೋರುತ್ತದೆ, ಗೋಡೆ ಬಿದ್ದಿದೆ ಎಂದು ಏನಾದರೊಂದು ಹೇಳಿ ಅವಳನ್ನು ಬರದ ಹಾಗೆ ಮಾಡಿಯಾನು. ಒಲೆಯ ಮುಂದಿನ ಆ ಉದ್ದ ಚಳಿಗಾಲ ತಪ್ಪುತ್ತದೆ, ತಿಹೊಮಿರನೂ ಉಳಿಯುತ್ತಾನೆ. ಆದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಅಪ್ಪ ಕೇಳುತ್ತಾನೆ. ಅವಳು ನಿನ್ನನ್ನೇನು ಕೇಳಿದಳು, ನೀನೇನು ಹೇಳಿದೆ. ತಲೆಯಾಡಿಸಿದೆ ಎಂದು ಹೇಳಬೇಕಾಗುತ್ತದೆ. ಅಪ್ಪ ಆಗ ತನ್ನನ್ನು ನೋಡುವ ನೋಟ ತಿಹೊಮಿರನ ಕಣ್ಣಿಗೆ ಈಗಲೇ ಕಟ್ಟಿತು. ಅದರ ಮುಂದೆ ಚಳಿಗಾಲ ಬಲು ದೂರದಲ್ಲಿತ್ತು. ಅದಲ್ಲದೆ, ಎಲ್ಲದರ ತಳದಲ್ಲಿ, ಅವನಿಗೇ ಹೇಸಿಗೆಯಾಗುವಂಥ ಒಂದು ತಂಪು: ಇನ್ನು ಮೇಲೆ ಬೆಳಗ್ಗೆ ಎದ್ದರೆ ಅದನ್ನು ನೆನೆಯಬೇಕಾದವನು ತಾನೊಬ್ಬನೇ ಅಲ್ಲ.

"ಏನೂ ಗೊತ್ತಿಲ್ಲ ಅಪ್ಪ," ಎಂದ. "ನಿನ್ನನ್ನ ದೇವರು ಅಂತಾಳೆ."

ಅಪ್ಪ ಉಸಿರು ಬಿಟ್ಟ. ಆ ಉಸಿರಿಗೆ ಮೇಜಿನ ಮೇಲಿದ್ದ ಚಿಂದಿಬಟ್ಟೆಗಳು ಕೂಡ ಅಲುಗಿದವು. "ಪಾಪದ್ದು," ಎಂದ. "ಚೆನ್ನಾಗ್ ನೋಡ್ಕೋಬೇಕು. ನಂಗೂ ಮಾತಾಡೋಕೆ ಒಬ್ರು ಬೇಕಿತ್ತು ಕಣ್ಲಾ."

ಬೆಳಕು ಪಕ್ಕಕ್ಕೆ ಸರಿದಿತ್ತು. ತಿಹೊಮಿರ್ ಹಿಂದೆ ಸರಿದು, ಕಣ್ಣು ಕಿರಿದಾಗಿಸಿ ನೋಡಿದ. ಹೊಸ ಕುಂಚ ತೆಗೆದುಕೊಂಡ.

"ತಲೆ ಸ್ವಲ್ಪ ಬಗ್ಗಿಸಪ್ಪ."

ಅಪ್ಪ ಬಗ್ಗಿಸಿದ. "ಇಷ್ಟ್ ಸಾಕಾ?"

"ಇನ್ನೂ ಸ್ವಲ್ಪ."